ಅಕ್ಷತೆಗೆ ನಾನು ಕಟ್ಟಿದ ಗಡಿಯಾರ

ನಾನು ಗಂಗಾವತಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತೇನೆ. ಈ ಒಂದೇ ಕಾರಣಕ್ಕೆ ಹತ್ತಿರದ ಮರಳಿ ಊರಿನಲ್ಲಿರುವ ಮಾವನ ಮನೆಯ ಮೊಬೈಲು, ಮಿಕ್ಸರು, ಇನ್ವರ್ಟರು, ಗ್ಯಾಸಿನ ಲೈಟರು ಎಲ್ಲವೂ ನನ್ನ ವ್ಯಾಪ್ತಿಗೆ ಬರುತ್ತವೆ. ಇಲ್ಲಿಯವರೆಗೆ ಅವುಗಳಲ್ಲಿ ಒಂದನ್ನೂ ನಾನು ರಿಪೇರಿ ಮಾಡಿದ್ದಿಲ್ಲ. ಆದರೂ ಅತ್ತೆ ಶಿವಮ್ಮನವರ ವಿಶ್ವಾಸ ಎಳ್ಳಷ್ಟೂ ಕಡಿಮೆಯಾಗಿಲ್ಲ. "ನಮ್ಮ ಅಳಿಯಾರ ಕೈಲೆ ಆಗ್ಲಿಲ್ಲಂದ್ರ ಅದು ಯಾರ ಕೈಲೆನೂ ಆಗೂದಲ್ಲ, ಒಗೀರಿ ಅತ್ತಾಗ" ಎಂದು ಅವರು ಎರಡು ಮಿಕ್ಸರುಗಳನ್ನು ತಿಪ್ಪೆಗೆ ಕಳಿಸಿದ್ದಾರೆ. ಅದರಲ್ಲಿ ಒಂದಕ್ಕೆ ಬರೀ ಪ್ಲಗ್ ಸಡಿಲವಾಗಿತ್ತು ಎಂದು ಆಮೇಲೆ ತಿಳಿಯಿತು!

ಇಂಥ ವಿಶ್ವಾಸ ಮನುಷ್ಯನನ್ನು ಹಾಳು ಮಾಡುತ್ತದೆ. ನನ್ನನ್ನಂತೂ ಮಾಡಿತು.

ನನ್ನ ಹೆಂಡತಿ ಗಿರಿಜಾಳ ಅಣ್ಣ ಬಸಣ್ಣನವರು. ಅವರ ಕಿರಿಯ ಮಗಳು ಸವಿತಾಳ ಮದುವೆ ಯಲಬುರ್ಗಾ ಕಡೆಯ ಹುಡುಗನ ಜೊತೆ ನಿಶ್ಚಯವಾಗಿತ್ತು. ಮದುವೆ ಗಂಗಾವತಿಯ ಕಲ್ಯಾಣ ಮಂಟಪದಲ್ಲಿ. ಅಕ್ಷತೆ ಮೇಲಿನ ಹಾಲಿನಲ್ಲಿ, ಊಟ ಕೆಳಗಿನ ಹಾಲಿನಲ್ಲಿ. ಈ ಮೇಲೆ ಕೆಳಗಿನ ವ್ಯವಸ್ಥೆಯೇ ಬಸಣ್ಣನವರ ನಿದ್ದೆ ಕೆಡಿಸಿತ್ತು.

ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ಅಕ್ಷತೆಯ ಹೊತ್ತು ಅಚ್ಚಾಗಿರುತ್ತದೆ. ಅದನ್ನು ಯಾರೂ ನಂಬುವುದಿಲ್ಲ. ಹನ್ನೆರಡೂವರೆ ಎಂದಿದ್ದರೆ ಒಂದು ಗಂಟೆ ಎಂದು ಓದಿಕೊಳ್ಳುವುದು ರೂಢಿ. ದೂರದ ಊರಿನವರು ಬಸ್ಸಿಗೆ ಹೊತ್ತಾಗುತ್ತದೆಂದು ಮೊದಲೇ ಎಲೆಯ ಮುಂದೆ ಕೂರುತ್ತಾರೆ. ಅವರನ್ನು ನೋಡಿ ಹತ್ತಿರದವರೂ ಕೂರುತ್ತಾರೆ. ಬಸಣ್ಣನವರ ಹಿರಿಯ ಮಗಳ ಅಕ್ಷತೆ ಬೀಳುವಾಗ ಇಡೀ ಊರು ಕೆಳಗೆ ಸಾರಿಗಾಗಿ ಕೂಗುತ್ತಿತ್ತು. ಹಾಲಿನಲ್ಲಿ ಉಳಿದವರು ಮನೆಯವರು, ವಿಡಿಯೋದವನು ಮತ್ತು ಖಾಲಿ ಕುರ್ಚಿಗಳು.

"ಮಾಸ್ತರ, ಈ ಸಲ ಹಾಲ್ ತುಂಬಿರಬೇಕು ನೋಡ್ರಿ. ಬೀಗರ ಮುಂದ ಮಾನ ಹೋಗಬಾರದು. ಕೆಳಗ ಉಣ್ಣಾಕ ಕುಂತವ್ರಿಗೆ ಅಕ್ಷತಾಕ್ಕ ಎಷ್ಟೊತ್ತು ಉಳಿದೈತಿ ಅಂತ ಗೊತ್ತಾಗೂ ಹಂಗ ಏನರ ಮಾಡಾಕ ಬರತೈತೇನ್ರಿ?" ಎಂದರು ಬಸಣ್ಣ.

"ಬರತೈತೇನು ಅಂತ ಕೇಳ್ತೀರಲ್ಲ ಬಸಣ್ಣಾರ! ಊಟದ ಹಾಲಿನ್ಯಾಗ ದೊಡ್ಡ ಟೀವಿ ಮ್ಯಾಲ ಉಲ್ಟಾ ಗಡ್ಯಾರ ಓಡಸ್ತೀನಿ. ಒಂದೂವರಿ ತಾಸಿನಿಂದ ಸೊನ್ನಿತನಕ ಇಳಕೋತ ಬರತೈತಿ. ಹತ್ತು ನಿಮಿಷ ಉಳೀತು ಅಂದಕೂಡ್ಲೆ ಎಲ್ಲಾರೂ ಮ್ಯಾಲ!"

ಮೂಲೆಯಲ್ಲಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಅತ್ತೆಯ ಮುಖ ಅರಳಿತು. ಸವಿತಾಳ ತಾಯಿ ಬಾಣಂತನದಲ್ಲೇ ಕಾಯಿಲೆ ಬಿದ್ದಿದ್ದರಿಂದ ಆ ಮಗುವನ್ನು ಎತ್ತಿ ಆಡಿಸಿ ದೊಡ್ಡದು ಮಾಡಿದವರು ಅತ್ತೆ. ಅಕ್ಷತೆಯ ಮೊದಲ ಹಿಡಿ ಮನೆಯ ಹಿರಿಯ ಹೆಣ್ಣಿನದು ಎಂಬುದು ಆ ಮನೆತನದ ಪದ್ಧತಿ ಬೇರೆ.

"ನಾ ಅಂತೂ ಆ ಮೆಟ್ಟಲಾ ಒಮ್ಮೇ ಹತ್ತಾಕಿ. ನನ್ನ ಮಣಕಾಲ ಎರಡನೇ ಸರ್ತಿಗೆ ಮಾತ ಕೇಳಂಗಿಲ್ಲ. ಕೆಳಗ ಕುಂತು ಅಳಿಯಾರ ಗಡ್ಯಾರ ನೋಡಕೋತ ಇರತೀನಿ. ಅದು ಹೇಳಿದಾಗ ಎದ್ದೇಳತೀನಿ" ಎಂದರು.

ಅಂದರೆ ಅಜ್ಜಿಯ ಅಕ್ಷತೆ ನನ್ನ ಗಡಿಯಾರದ ಕೈಗೆ ಬಂತು. ಆಗ ನನಗೆ ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಹೆಮ್ಮೆಯಾಯಿತು!

ಮನೆಗೆ ಬಂದವನೇ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಬಹಳ ಹಳೆಯ ಲ್ಯಾಪ್‌ಟಾಪ್. ಅದರೊಳಗಿನ ಗಡಿಯಾರದ ಬ್ಯಾಟರಿ ಸತ್ತು ಹೋಗಿ, ಪ್ರತಿ ಸಲ ಶುರು ಮಾಡಿದಾಗಲೂ ನನ್ನ ಮದುವೆಗಿಂತ ಹಿಂದಿನ ಯಾವುದೋ ತಾರೀಖು ತೋರಿಸುತ್ತದೆ. ಅದನ್ನು ನಂಬುವಂತಿಲ್ಲ. ಹಾಗಾಗಿ ಸಮಯವನ್ನು ನನ್ನ ಪ್ರೋಗ್ರಾಂ ತಾನೇ ಎಣಿಸಿಕೊಳ್ಳಲಿ ಎಂದು ತೀರ್ಮಾನಿಸಿದೆ. ಉಪಾಯ ಸರಳವಾಗಿತ್ತು. ಒಂದು ಸೆಕೆಂಡನ್ನು ಸಾವಿರ ಚೂರು ಮಾಡಿದರೆ ಒಂದು ಚೂರಿಗೆ ಮಿಲಿಸೆಕೆಂಡು ಎನ್ನುತ್ತಾರೆ. ನನ್ನ ಪ್ರೋಗ್ರಾಂ ಹತ್ತು ಮಿಲಿಸೆಕೆಂಡು ಮಲಗಬೇಕು, ಎದ್ದು ಒಂದು ಎಣಿಸಬೇಕು, ಮತ್ತೆ ಮಲಗಬೇಕು. ನೂರು ಸಲ ಮಲಗಿ ಎದ್ದರೆ ಒಂದು ಸೆಕೆಂಡು ಆಯಿತು. ಮಲಗುವುದು, ಏಳುವುದು, ಎಣಿಸುವುದು. ಇಷ್ಟೇ ಕೆಲಸ. ನಮ್ಮ ಆಫೀಸುಗಳಲ್ಲಿ ಇದನ್ನೂ ಮಾಡದವರಿದ್ದಾರೆ.

ಮನೆಯ ಟೀವಿ ಕೆಟ್ಟು ಆಗಲೇ ಬಹಳ ದಿನವಾಗಿತ್ತು. (ನಾನು ನೋಡಿದ್ದೆ. ರಿಪೇರಿ ಆಗಿರಲಿಲ್ಲ.) ಆದ್ದರಿಂದ ಗಿರಿಜಾ ರೊಟ್ಟಿ ಬಡಿಯುತ್ತ ಅದೇ ಲ್ಯಾಪ್‌ಟಾಪಿನ ಅರ್ಧ ಪರದೆಯಲ್ಲಿ ಸೀರಿಯಲ್ ನೋಡುವಳು. ಉಳಿದ ಅರ್ಧದಲ್ಲಿ ನನ್ನ ಗಡಿಯಾರ. ಅತ್ತ ಯಾರೋ ಸೊಸೆ ಅಳುತ್ತಿದ್ದಳು, ಇತ್ತ ನನ್ನ ಸೆಕೆಂಡುಗಳು ಇಳಿಯುತ್ತಿದ್ದವು. ಕೈಗಡಿಯಾರ ಹಿಡಿದು ಒಂದಲ್ಲ, ನಾಲ್ಕು ಸಂಜೆ ಪರೀಕ್ಷೆ ಮಾಡಿದೆ. ಬರೋಬ್ಬರಿ!

"ಅಲ್ರೀ, ಗ್ವಾಡಿಗೆ ಒಂದು ಗಡ್ಯಾರ ಹಾಕಿ, ಹನ್ನೆರಡೂವರಿಗೆ ಬರ್ರಿ ಅಂತ ಬರದ್ರ ಆಗಂಗಿಲ್ಲೇನು?" ಎಂದಳು ಗಿರಿಜಾ.

"ನಿನಗ ತಂತ್ರಜ್ಞಾನ ತಿಳಿಯಂಗಿಲ್ಲ" ಎಂದೆ.

ಈ ಮಾತನ್ನು ಅವಳು ಇನ್ನೂ ಮರೆತಿಲ್ಲ.

ಮದುವೆಯ ದಿನ ಬೆಳಿಗ್ಗೆಯೇ ಊಟದ ಹಾಲಿನ ಪಕ್ಕದ ಉಗ್ರಾಣದಲ್ಲಿ, ಸಕ್ಕರೆ ಚೀಲಗಳ ನಡುವೆ, ನನ್ನ ಲ್ಯಾಪ್‌ಟಾಪ್ ಪ್ರತಿಷ್ಠಾಪನೆಯಾಯಿತು. ಟೀವಿ, ಸ್ಪೀಕರು, ವೈರುಗಳೆಲ್ಲ ಖಾಜಾಸಾಬರವು. ಅವರು ಊರಿನ ಅರ್ಧ ಮದುವೆಗಳಿಗೆ ಮೈಕು ಕಟ್ಟುವವರು, ನನಗೆ ಹಳೆಯ ಪರಿಚಯ. ಲ್ಯಾಪ್‌ಟಾಪಿನಿಂದ ಒಂದು ವೈರು ಊಟದ ಹಾಲಿನ ದೊಡ್ಡ ಟೀವಿಗೆ, ಇನ್ನೊಂದು ಸ್ಪೀಕರಿಗೆ ಹೋಯಿತು. ಸೊನ್ನೆಯಾದ ಕೂಡಲೇ ವಾಲಗದ ಸದ್ದು ಮೊಳಗಿ, "ಮುಹೂರ್ತ ಬಂತು, ಎಲ್ಲರೂ ಮೇಲೆ ಬನ್ನಿ" ಎಂದು ಪರದೆಯ ತುಂಬ ಬರಬೇಕೆಂದು ನಾನು ಏರ್ಪಾಡು ಮಾಡಿದ್ದೆ.

"ಸರ್, ಲ್ಯಾಪ್‌ಟಾಪ್ ಸುಮ್ನ ಕುಂತೈತಲ್ರಿ, ಅದರಾಗ ಯಾವುದರ ವಿಡಿಯೋ ಹಾಡು ಹಚ್ಚಲೇನ್ರಿ? ಉಣ್ಣೋರಿಗೆ ಖುಷಿ ಆಕ್ಕೈತಿ" ಎಂದರು ಖಾಜಾಸಾಬ್.

"ಬ್ಯಾಡ್ರೀ ಖಾಜಾಸಾಬ್! ಇವತ್ತ ಇದರಾಗ ಗಡ್ಯಾರ ಒಂದ ಓಡಬೇಕು. ಬ್ಯಾರೆ ಏನರ ಹಚ್ಚಿದ್ರ ಅದಕ್ಕ ತೊಂದ್ರಿ ಆಕ್ಕೈತಿ" ಎಂದು ಇದ್ದಬದ್ದ ಪ್ರೋಗ್ರಾಮುಗಳನ್ನೆಲ್ಲ ಒಂದೊಂದಾಗಿ ಹುಡುಕಿ ಮುಚ್ಚಿದೆ. ಇಷ್ಟು ಮುಂಜಾಗ್ರತೆಯನ್ನು ನಾನು ಜೀವನದಲ್ಲಿ ಬೇರೆ ಯಾವುದಕ್ಕೂ ತೆಗೆದುಕೊಂಡಿಲ್ಲ.

ಹನ್ನೊಂದು ಗಂಟೆಗೆ ಸರಿಯಾಗಿ ಗಡಿಯಾರ ಬಿಟ್ಟೆ. ಅಕ್ಷತೆ ಹನ್ನೆರಡೂವರೆಗೆ. ಟೀವಿಯ ಮೇಲೆ ಕೆಂಪು ಅಂಕಿಗಳು ಇಳಿಯತೊಡಗಿದವು. ಎಲೆ ಹಾಸುತ್ತಿದ್ದವರೂ ನಿಂತು ನೋಡಿದರು. ಟೀವಿಯ ಎದುರಿಗೇ ಕುರ್ಚಿ ಹಾಕಿಸಿಕೊಂಡು ಅತ್ತೆ ಕೂತಿದ್ದರು. ಒಂದು ಕೈಯ ಮುಷ್ಟಿಯಲ್ಲಿ ಅಕ್ಕಿಕಾಳು ಆಗಲೇ ತಯಾರು. ಪಕ್ಕದ ಕುರ್ಚಿಯಲ್ಲಿ ಯಲಬುರ್ಗಾದ ಬೀಗಿತಿ, ಅಂದರೆ ವರನ ಅಜ್ಜಿ.

"ನಮ್ಮ ಅಳಿಯಾರು ಮಾಡ್ಯಾರ. ಕಾಲೇಜಿನ್ಯಾಗ ಕಂಪ್ಯೂಟರ್ ಕಲಸ್ತಾರ" ಎಂದು ಅತ್ತೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ಬೇರೇನೋ ಕೆಲಸವಿದ್ದವನಂತೆ ಅವರ ಮುಂದಿನಿಂದ ಮೂರು ಸಲ ಹಾದುಹೋದೆ.

ಸುಮಾರು ಹನ್ನೆರಡರ ಹೊತ್ತಿಗೆ, ನೀರಿನ ಲೋಟ ಎತ್ತಿಕೊಳ್ಳುವಾಗ ಕೈಗಡಿಯಾರ ಕಣ್ಣಿಗೆ ಬಿತ್ತು. ಅಕ್ಷತೆಗೆ ಅರ್ಧ ಗಂಟೆ ಉಳಿದಿತ್ತು. ಟೀವಿ ನೋಡಿದೆ. ಐವತ್ತು ನಿಮಿಷಕ್ಕಿಂತ ಜಾಸ್ತಿ ಉಳಿದಿತ್ತು!

ನನ್ನ ವಾಚೇ ಮುಂದೆ ಓಡಿರಬೇಕು ಎಂದುಕೊಂಡು ಖಾಜಾಸಾಬರನ್ನು ಟೈಮು ಕೇಳಿದೆ. ಅವರ ಮೊಬೈಲೂ ಹನ್ನೆರಡು ಎಂದಿತು. ಸಾರು ಬಡಿಸುವವನನ್ನು ಕೇಳಿದೆ. ಅವನ ಮೊಬೈಲೂ ಹನ್ನೆರಡು ಎಂದಿತು. ಇಡೀ ಗಂಗಾವತಿಯಲ್ಲಿ ನನ್ನ ಪರವಾಗಿ ಒಂದು ಗಡಿಯಾರವೂ ಇರಲಿಲ್ಲ!

ಹಾಗಾದರೆ ಉಣ್ಣುವವರಿಗೆ ಗೊತ್ತಾಗಲಿಲ್ಲವೇ? ಅವರ ಬಳಿಯೂ ಮೊಬೈಲು ಇದ್ದವಲ್ಲ? ಒಬ್ಬ ಹಿರಿಯರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಪಕ್ಕದವರಿಗೆ ಹೇಳುತ್ತಿದ್ದರು. "ಮುಹೂರ್ತ ಮುಂದಕ್ಕ ಹೋಗೇತಿ ಕಾಣತೈತಿ. ಟೀವ್ಯಾಗ ಬಂದೈತಿ ನೋಡ್ರಿ. ಇನ್ನೊಂದು ಹೋಳಗಿ ಹಾಕಸ್ಕೋರಿ, ಆರಾಮ ಹೋದ್ರಾತು." ಲಗ್ನಪತ್ರಿಕೆಯನ್ನು ನಂಬದ ಜನ ನನ್ನನ್ನು ನಂಬಿದ್ದರು.

ನನಗೆ ನಿಜವಾಗಿಯೂ ಭಯವಾಯಿತು. ಉಗ್ರಾಣಕ್ಕೆ ಓಡಿದೆ. ಗಡಿಯಾರ ನಿಲ್ಲಿಸಿ ಸರಿಯಾದ ನಿಮಿಷ ತುಂಬಿ ಮತ್ತೆ ಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಪರದೆಯ ಮೇಲೆ ಇಪ್ಪತ್ತು ನಿಮಿಷ ಗಕ್ಕನೆ ಮಾಯವಾದರೆ ಬೀಗರು ಏನೆಂದಾರು? ನೋಡುವವರಿಗೆ ಗೊತ್ತಾಗದಂತೆ ಅದನ್ನು ಮೆಲ್ಲಗೆ ದಾರಿಗೆ ತರಬೇಕು. ಮೊದಲು ರೋಗ ಯಾವುದೆಂದು ತಿಳಿಯಬೇಕು. ಕೈಗಡಿಯಾರ ಹಿಡಿದು ನೋಡಿದೆ. ನನ್ನ ಒಂದು ನಿಮಿಷಕ್ಕೆ ಲೋಕದ ಒಂದೂವರೆ ನಿಮಿಷ ಹಿಡಿಯುತ್ತಿತ್ತು. ಪ್ರೋಗ್ರಾಂ ಓದಿದೆ. ತಪ್ಪಿಲ್ಲ. ಮತ್ತೆ ಓದಿದೆ. ತಪ್ಪೇ ಇಲ್ಲ! ಓದುವುದರಲ್ಲೇ ಇಪ್ಪತ್ತು ನಿಮಿಷ ಕಳೆಯಿತು. ಹಣೆಯ ಬೆವರು ಕೀಲಿಗಳ ಮೇಲೆ ಬೀಳುತ್ತಿತ್ತು. ಹೇಮಗುಡ್ಡದ ತಾಯಿಗೆ ಹರಕೆ ಹೊತ್ತೆ. ತಾಯಿ ಅಂದು ಬೇರೆ ಕೆಲಸದಲ್ಲಿದ್ದಿರಬೇಕು.

ಅಷ್ಟರಲ್ಲಿ ಗಿರಿಜಾ ಉಡಿ ತುಂಬುವ ಕುಬಸದ ಬಟ್ಟೆಗಳನ್ನು ತೆಗೆದುಕೊಳ್ಳಲು ಬಂದಳು.

"ಏನಾತ್ರಿ? ಮಾರಿ ಯಾಕ ಹಂಗ ಸಪ್ಪಗ ಮಾಡೀರಿ?"

"ಗಡ್ಯಾರ ಹಿಂದ ಬೀಳಾಕತ್ತೈತಿ."

"ಮನ್ಯಾಗ ಛಲೋ ಇತ್ತಲ್ಲ. ನಾ ಸೀರಿಯಲ್ ನೋಡೂ ಮುಂದ ಮಗ್ಗಲಕ್ಕ ಓಡತಿತ್ತು, ನಾನೂ ನೋಡೀನಿ."

ಸೀರಿಯಲ್! ನಾನು ತಲೆಯ ಮೇಲೆ ಕೈ ಹೊತ್ತು ಸಕ್ಕರೆ ಚೀಲದ ಮೇಲೆ ಕೂತುಬಿಟ್ಟೆ.

ವಿಷಯ ಏನೆಂದರೆ, ಕಂಪ್ಯೂಟರಿನೊಳಗೆ ಕರ್ನಲ್ ಎಂಬ ಯಜಮಾನನಿದ್ದಾನೆ. ಎಲ್ಲ ಪ್ರೋಗ್ರಾಮುಗಳೂ ಅವನ ಕೈಕೆಳಗಿನವು. ಯಂತ್ರದೊಳಗೆ ಬಹಳ ಸೂಕ್ಷ್ಮವಾದ ಗಡಿಯಾರ ಇರುತ್ತದೆ ನಿಜ, ಆದರೆ ಅವನು ಅದನ್ನು ಅಷ್ಟೇ ಸೂಕ್ಷ್ಮವಾಗಿ ಎಲ್ಲರಿಗೂ ಹಂಚುವುದಿಲ್ಲ. ಪದೇ ಪದೇ ಎದ್ದು ನೋಡುತ್ತಿದ್ದರೆ ಬ್ಯಾಟರಿ ಖರ್ಚು. ಹಾಗಾಗಿ ನನ್ನಂಥ ಹಳೆಯ ಲ್ಯಾಪ್‌ಟಾಪಿನಲ್ಲಿ ಅವನು ಹದಿನೈದೂವರೆ ಮಿಲಿಸೆಕೆಂಡಿಗೊಮ್ಮೆ ಮಾತ್ರ ಕಣ್ಣು ಬಿಟ್ಟು, ಮಲಗಿದವರಲ್ಲಿ ಯಾರನ್ನು ಎಬ್ಬಿಸಬೇಕೆಂದು ನೋಡುತ್ತಾನೆ. ಕುಷ್ಟಗಿಗೆ ಕಾಲು ಗಂಟೆಗೊಂದು ಬಸ್ಸು ಎಂದುಕೊಳ್ಳಿ. ನೀವು ಹತ್ತೇ ನಿಮಿಷಕ್ಕೆ ಹೊರಡಬೇಕೆಂದು ಹಟ ಹಿಡಿದರೂ ಬಸ್ಸು ಬರುವುದು ಹದಿನೈದಕ್ಕೆ. ನನ್ನ ಪ್ರೋಗ್ರಾಂ ಹತ್ತಕ್ಕೆ ಎಬ್ಬಿಸು ಎಂದು ಮಲಗುತ್ತಿತ್ತು. ಕರ್ನಲ್ ಹದಿನೈದೂವರೆಗೆ ಎಬ್ಬಿಸುತ್ತಿದ್ದ. ಅದು ಪಾಪ, ಹತ್ತೇ ಆಯಿತೆಂದು ನಂಬಿ ಒಂದು ಎಣಿಸಿ ಮತ್ತೆ ಮಲಗುತ್ತಿತ್ತು!

ಆದರೆ ಯಾವುದಾದರೂ ಪ್ರೋಗ್ರಾಂ "ಯಜಮಾನರೇ, ನನಗೆ ಒಂದೊಂದು ಮಿಲಿಸೆಕೆಂಡಿನ ಲೆಕ್ಕದಲ್ಲಿ ಬೇಕು" ಎಂದು ಬಾಯಿಬಿಟ್ಟು ಕೇಳಿದರೆ ಕರ್ನಲ್ ಒಪ್ಪುತ್ತಾನೆ. ವಿಡಿಯೋ ತೋರಿಸುವ ಪ್ರೋಗ್ರಾಮುಗಳು ಕೇಳುತ್ತವೆ, ಇಲ್ಲದಿದ್ದರೆ ಚಿತ್ರ ತೊದಲುತ್ತದೆ. ಹಳೆಯ ವ್ಯವಸ್ಥೆಯಲ್ಲಿ ಒಬ್ಬರು ಕೇಳಿದರೆ ಎಲ್ಲರಿಗೂ ಸಿಗುತ್ತದೆ. ಸಾಹುಕಾರನೊಬ್ಬ ತನಗಾಗಿ ನಿಮಿಷಕ್ಕೊಂದು ಬಸ್ಸು ಬಿಡಿಸಿಕೊಂಡರೆ ಸ್ಟ್ಯಾಂಡಿನಲ್ಲಿ ನಿಂತವರೆಲ್ಲ ಹತ್ತಿಕೊಂಡ ಹಾಗೆ. ಹೊಸ ಯಂತ್ರಗಳಲ್ಲಿ ಈ ಧರ್ಮ ನಿಂತಿದೆ, ಕೇಳಿದವರಿಗಷ್ಟೇ ಬಸ್ಸು. ನಮ್ಮ ಮನೆಯಲ್ಲಿ ಗಿರಿಜಾಳ ಸೀರಿಯಲ್ಲೇ ಆ ಸಾಹುಕಾರ! ಅದರ ಋಣದಲ್ಲಿ ನನ್ನ ಗಡಿಯಾರ ನಾಲ್ಕು ಸಂಜೆ ಬದುಕಿತ್ತು. ಇಲ್ಲಿ ನಾನೇ ಎಲ್ಲವನ್ನೂ ಮುಚ್ಚಿ, ಖಾಜಾಸಾಬರ ಹಾಡಿಗೂ ಬೇಡವೆಂದಿದ್ದೆ.

ನಿನ್ನ ಬಸ್ಸು ಎಷ್ಟು ಹೊತ್ತಿಗೊಂದು ಎಂದು ಕೇಳಿದ್ದರೂ ಕರ್ನಲ್ ಹೇಳುತ್ತಿದ್ದ. ಒಂದು ಸಾಲು ಬರೆದರೆ ಸಾಕು. ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ ಅದು. ವರ್ಷ ವರ್ಷವೂ ನಾನೇ ಮಕ್ಕಳಿಗೆ ಕೇಳುತ್ತೇನೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ!

"ಹಂಗಾರ ಒಂದು ಸೀರಿಯಲ್ ಹಚ್ರಿ" ಎಂದಳು ಗಿರಿಜಾ. ನಾನು ಎರಡೇ ಮಾತಿನಲ್ಲಿ ಹೇಳಿದ್ದೆ, ಅವಳಿಗೆ ಅಷ್ಟು ಸಾಕಾಗಿತ್ತು.

ಉಗ್ರಾಣದಲ್ಲಿ ನೆಟ್‌ವರ್ಕ್ ಇರಲಿಲ್ಲ. ಲ್ಯಾಪ್‌ಟಾಪಿನೊಳಗೆ ಯಾವುದಾದರೂ ವಿಡಿಯೋ ಇದೆಯೇ ಎಂದು ಹುಡುಕಿದೆ. ಒಂದೇ ಒಂದು ಸಿಕ್ಕಿತು. ಏನೆಂದೂ ನೋಡದೆ ಒತ್ತಿಬಿಟ್ಟೆ. ಪಕ್ಕದ ಹಾಲಿನಲ್ಲಿ ಮಾತೆಲ್ಲ ಅಡಗಿ, ಒಂದು ದೊಡ್ಡ ಧ್ವನಿ ಕೇಳಿಬಂತು.

"ವಿದ್ಯಾರ್ಥಿಗಳೇ, ಕರ್ನಲ್ ಎಂದರೇನು?"

ನನ್ನದೇ ಧ್ವನಿ! ಕೊರೋನಾ ಕಾಲದಲ್ಲಿ ಮನೆಯಲ್ಲಿ ಕೂತು ಮಾಡಿದ ಪಾಠ. ಬಾಗಿಲಿಗೆ ಓಡಿ ಇಣುಕಿದರೆ ದೊಡ್ಡ ಟೀವಿಯ ತುಂಬ ನಾನೇ ಇದ್ದೆ. ಗಡಿಯಾರ ನನ್ನ ಬೆನ್ನ ಹಿಂದೆ ಎಲ್ಲೋ ಮುಚ್ಚಿಹೋಗಿತ್ತು. ಮೇಲೆ ಅಂಗಿ, ಟೈ. ಕ್ಯಾಮೆರಾ ಸ್ವಲ್ಪ ಕೆಳಗೆ ಬಾಗಿದ್ದರಿಂದ ಲುಂಗಿಯೂ ಕಾಣುತ್ತಿತ್ತು. ತುತ್ತು ಬಾಯಿಗೆ ಒಯ್ಯುತ್ತಿದ್ದವರೆಲ್ಲ ಕೈ ತಡೆದು ನೋಡುತ್ತಿದ್ದರು.

"ನೋಡ್ರಿ, ನಮ್ಮ ಅಳಿಯಾರು ಟೀವ್ಯಾಗ ಬಂದಾರ!" ಎಂದು ಅತ್ತೆ ಬೀಗಿತಿಯ ಕೈ ಹಿಡಿದು ಅಲುಗಾಡಿಸಿದರು.

ಟೀವಿಯೊಳಗಿನ ನಾನು ಬೆರಳೆತ್ತಿ ಗಂಭೀರವಾಗಿ ನುಡಿದೆ. "ಪ್ರೋಗ್ರಾಮುಗಳು ಸಮಯವನ್ನು ತಾವೇ ಎಣಿಸಿಕೊಳ್ಳಬಾರದು. ಇದನ್ನು ಚೆನ್ನಾಗಿ ನೆನಪಿಡಿ."

ಓಡಿ ಬಂದು ಪಾಠವನ್ನು ಮೂಲೆಗೆ ತಳ್ಳಿ, ದನಿ ಅಡಗಿಸಿ, ಗಡಿಯಾರವನ್ನು ಮುಂದೆ ತಂದೆ. ಪವಾಡ! ಸೆಕೆಂಡುಗಳು ಈಗ ಸರಿಯಾಗಿ ಬೀಳುತ್ತಿದ್ದವು. ಆದರೆ ಕಳೆದುಹೋದದ್ದು ಕಳೆದೇ ಹೋಗಿತ್ತಲ್ಲ! ಅರ್ಧ ಗಂಟೆಯಷ್ಟು ಹಿಂದೆ ಬಿದ್ದಿದ್ದ ನನ್ನ ಗಡಿಯಾರ ಈಗ ತಪ್ಪು ಹೊತ್ತನ್ನು ಬರೋಬ್ಬರಿ ವೇಗದಲ್ಲಿ ತೋರಿಸುತ್ತಿತ್ತು.

"ಮಾಸ್ತರ!"

ಮೆಟ್ಟಿಲ ಮೇಲಿನಿಂದ ಬಸಣ್ಣನವರ ಕೂಗು. ಹೊರಗೆ ಬಂದು ನೋಡಿದೆ. ರುಮಾಲು ಓರೆಯಾಗಿತ್ತು, ಮುಖ ಕೆಂಪಗಾಗಿತ್ತು.

"ಏನ್ ಮಾಡಾಕತ್ತೀರಿ ಮಾಸ್ತರ? ಅಯ್ಯನಾರು ಮಂಗಳಾಷ್ಟಕ ಸುರು ಮಾಡ್ಯಾರ! ಮ್ಯಾಲ ಹಾಲಿನ್ಯಾಗ ನರಪಿಳ್ಳಿ ಇಲ್ಲ!"

"ಅಯ್ಯನಾರಿಗೆ ಒಂದೀಟು ತಡೀರಿ ಅನ್ರಿ" ಎಂದೆ.

"ತಡಿಯಂಗಿಲ್ಲಂತ! ಅವ್ರಿಗೆ ಕನಕಗಿರ್ಯಾಗ ಮತ್ತೊಂದು ಲಗ್ನ ಐತಿ. ಸವಿತಾ ಅಳಾಕತ್ಯಾಳ. ಅಜ್ಜಿ ಬರೂತನಕ ಕೊರಳ ಬಗ್ಗಸಂಗಿಲ್ಲ ಅಂತಾಳ. ಹೊತ್ತು ಮೀರಿದ್ರ ಬೀಗರು ಸುಮ್ನ ಬಿಡ್ತಾರೇನು? ಜಲ್ದಿ ಅವ್ವನ್ನ ಕರಕೊಂಡ ಬರ್ರಿ!"

ತಾಳಿ ಕಟ್ಟಲು ಸಿದ್ಧನಾದ ಹುಡುಗ, ಅಳುವ ಹುಡುಗಿ, ವಾಚು ನೋಡುವ ಅಯ್ಯನವರು. ಎಲ್ಲರೂ ನನ್ನಿಂದಾಗಿ ಸಿಕ್ಕಿಬಿದ್ದಿದ್ದರು. ಅತ್ತೆಯ ಕುರ್ಚಿಯತ್ತ ಓಡಿದೆ.

"ಅತ್ತಿ, ಎದ್ದೇಳ್ರಿ, ಎದ್ದೇಳ್ರಿ! ಅಕ್ಷತಾದ ಹೊತ್ತಾತು!"

ಅತ್ತೆ ಟೀವಿಯತ್ತ ಕೈ ತೋರಿಸಿದರು. "ಇನ್ನೂ ಅರ್ಧ ತಾಸು ಐತಲ್ರಿ ಅಳಿಯಾರ."

"ಅದು ತಪ್ಪು ಐತ್ರಿ!"

"ನಿಮ್ಮ ಗಡ್ಯಾರ ತಪ್ಪೋದುಂಟೇನು?"

"ಖರೇನ ತಪ್ಪೈತ್ರಿ ಅತ್ತಿ! ನಾನ ಹೇಳಾಕತ್ತೀನಲ್ಲ!"

ಅತ್ತೆ ಬೀಗಿತಿಯ ಕಡೆ ತಿರುಗಿ ಸಮಾಧಾನದಿಂದ ಹೇಳಿದರು. "ನಮ್ಮ ಅಳಿಯಾರು ಹಿಂಗ ನೋಡ್ರಿ. ಎಷ್ಟು ಕಲ್ತಿದ್ರೂ ತಮ್ಮ ಹೆಚ್ಚಳ ತಾವು ಹೇಳಕೊಳ್ಳಂಗಿಲ್ಲ."

ನಾನು ಅತ್ತುಬಿಡುವುದೊಂದು ಬಾಕಿ. ಗಿರಿಜಾ ಬಂದು ಕೈ ಹಿಡಿದು ಎಳೆದಳು, ಏಳಲಿಲ್ಲ. ಬಸಣ್ಣ ಮೇಲಿನಿಂದ "ಯವ್ವಾ!" ಎಂದು ಕೂಗಿದರು, ಏಳಲಿಲ್ಲ. ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದು ಕೂತಿದ್ದರು. ಮುಷ್ಟಿಯೊಳಗಿನ ಅಕ್ಕಿಕಾಳು ಬೆವರಿಗೆ ಒದ್ದೆಯಾಗಿದ್ದವು. ಅತ್ತೆಯನ್ನು ಏಳಿಸಲು ಲೋಕದಲ್ಲಿ ಒಂದೇ ದಾರಿ ಉಳಿದಿತ್ತು. ನನ್ನ ಗಡಿಯಾರವೇ ಹೇಳಬೇಕು!

ಉಗ್ರಾಣಕ್ಕೆ ಹಾರಿದೆ. ಮಾನ, ಮರ್ಯಾದೆ, ಬೀಗರ ನಗು ಎಲ್ಲವನ್ನೂ ಬದಿಗಿಟ್ಟು ಗಡಿಯಾರ ನಿಲ್ಲಿಸಿದೆ. ಉಳಿದ ನಿಮಿಷ ಎಷ್ಟು ಎಂದು ಅದು ಕೇಳಿತು. ಸೊನ್ನೆ ಒತ್ತಿದೆ. ಗಡಿಬಿಡಿಯಲ್ಲಿ ಸೊನ್ನೆಯ ಬೆನ್ನಿಗೆ ಪಕ್ಕದ ಕೀಲಿಯ ಒಂಬತ್ತೂ ಬಿತ್ತು! ಟೀವಿಯ ಮೇಲೆ ಒಂಬತ್ತು ನಿಮಿಷ ಎಂದು ಬಂತು. ಹಾಲಿನಲ್ಲಿ ಯಾರೋ "ಇನ್ನೂ ಟೈಮ್ ಐತಿ, ಮಜ್ಜಗಿ ತರ್ರೀ" ಎಂದರು. ಅಳಿಸಿ, ಉಸಿರು ಬಿಗಿ ಹಿಡಿದು, ಒಂದೇ ಬೆರಳಿನಿಂದ ಮತ್ತೆ ಸೊನ್ನೆ ಒತ್ತಿದೆ.

ವಾಲಗ ಮೊಳಗಿತು! ಪರದೆಯ ತುಂಬ "ಮುಹೂರ್ತ ಬಂತು" ಎಂದು ಬಂತು.

"ಈಗ ಬಂತು ನೋಡ್ರಿ!" ಎಂದು ಅತ್ತೆ ಕುರ್ಚಿಯಿಂದ ಅರ್ಧ ಎದ್ದರು. ಮಂಡಿ ಕೈಕೊಟ್ಟಿತು, ಮತ್ತೆ ಕೂತರು. ಅಷ್ಟರಲ್ಲಿ ಮಜ್ಜಿಗೆ ಕೇಳಿದವರೂ, ಹೋಳಿಗೆ ಹಿಡಿದವರೂ ಎಂಜಲು ಕೈಯಲ್ಲೇ ಮೆಟ್ಟಿಲಿನತ್ತ ನುಗ್ಗಿದರು. ಆ ಗದ್ದಲದಲ್ಲಿ ಮಂಡಿನೋವಿನ ಮುದುಕಿಗೆ ದಾರಿ ಎಲ್ಲಿ?

"ಸರ್, ಕುರ್ಚಿ ಸಮೇತ ಎತ್ರಿ!" ಎಂದರು ಖಾಜಾಸಾಬ್.

ನಾನು ಮುಂದೆ, ಅವರು ಹಿಂದೆ, ಬದಿಗೆ ಗಿರಿಜಾ. "ಬಾಜೂಕ ಸರೀರಿ, ಅಜ್ಜಿ ಬಂದ್ಳು!" ಎಂದು ಖಾಜಾಸಾಬ್ ಮೈಕಿಲ್ಲದೆಯೇ ಮಂಟಪ ನಡುಗುವಂತೆ ಕೂಗಿದರು. ನಡುದಾರಿಯಲ್ಲಿ ನನ್ನ ಕಾಲಿಗೆ ಯಾರದೋ ಚಪ್ಪಲಿ ತೊಡರಿ ಕುರ್ಚಿ ವಾಲಿತು. ನನ್ನ ಜೀವ ಹೋದಂತಾಯಿತು. ಅತ್ತೆ ಮಾತ್ರ ಮುಷ್ಟಿಯನ್ನು ಎದೆಗೆ ಅವುಚಿಕೊಂಡು, "ಕಾಳು ಚೆಲ್ಲೀರಿ, ಸಾವಕಾಶ" ಎಂದರು.

ಮೇಲೆ ಮಂಗಳಾಷ್ಟಕದ ಕೊನೆಯ ಸಾಲು ನಡೆಯುತ್ತಿತ್ತು. ಅಯ್ಯನವರು ಅದನ್ನು ಎಳೆದೂ ಎಳೆದೂ ಉಸಿರುಗಟ್ಟಿ ನಿಂತಿದ್ದರು. ಅಜ್ಜಿಯನ್ನು ಕಂಡಕೂಡಲೇ ಸವಿತಾ ಮೂಗೊರೆಸಿಕೊಂಡು ಕೊರಳು ಬಗ್ಗಿಸಿದಳು. ಅತ್ತೆಯ ಮುಷ್ಟಿ ಬಿಚ್ಚಿತು. ಮೊದಲ ಹಿಡಿ ಬಿತ್ತು. ಆಮೇಲೆ ಎಲ್ಲ ಕಡೆಯಿಂದ ಅಕ್ಕಿಕಾಳು ಬಿದ್ದವು, ಸಾರಿನ ವಾಸನೆಯ ಸಮೇತ. ಹಾಲು ತುಂಬಿ ತುಳುಕುತ್ತಿತ್ತು. ನಾನು ಕುರ್ಚಿಯ ಕಾಲು ಹಿಡಿದು ಅಲ್ಲೇ ನೆಲದ ಮೇಲೆ ಕೂತು ಉಸಿರಾಡಿದೆ.

ಮಧ್ಯಾಹ್ನ ಗದ್ದಲ ಇಳಿದ ಮೇಲೆ ಅತ್ತೆ ನನ್ನನ್ನು ಹತ್ತಿರ ಕರೆದರು. ಅವರ ಮುಖ ನೋಡಲು ನನಗೆ ನಾಚಿಕೆಯಾಗುತ್ತಿತ್ತು.

"ಅತ್ತಿ, ದೇವರಾಣಿ, ಆ ಗಡ್ಯಾರ ಖರೇನ ತಪ್ಪಿತ್ತು" ಎಂದೆ.

"ಗೊತ್ತೈತ್ರಿ."

"ಗೊತ್ತಿತ್ತಾ?"

"ಮ್ಯಾಲ ಮಂಗಳಾಷ್ಟಕ ಅನ್ನೂದು ನನಗ ಕೇಳಸ್ತಿದ್ದಿಲ್ಲೇನು? ಮಣಕಾಲ ಹೋಗ್ಯಾವ, ಕಿವಿ ಹೋಗಿಲ್ಲ."

"ಮತ್ತ್ಯಾಕ ಏಳಲಿಲ್ರಿ?"

ಅತ್ತೆ ಸುತ್ತ ನೋಡಿ ದನಿ ತಗ್ಗಿಸಿದರು. "ಬೀಗಿತಿ ಮಗ್ಗಲಕ್ಕ ಕುಂತಿದ್ಲಲ್ರಿ. ಮುಂಜಾನಿಂದ ಅಕಿ ಮುಂದ ನಿಮ್ಮನ್ನ ಹೊಗಳೇ ಹೊಗಳೀನಿ. ಟೀವ್ಯಾಗ ಅರ್ಧ ತಾಸು ಐತಿ ಅಂತ ಇರೂ ಮುಂದ ನಾನ ಎದ್ದು ಓಡಿದ್ರ, ಮನಿ ಅಳಿಯಾನ ಮಾತು ಮನ್ಯಾವ್ರ ನಂಬಂಗಿಲ್ಲ ಅಂತ ಅಕಿ ನಗತಿದ್ಲು. ನಿಮ್ಮನ್ನ ನೋಡಿ ಅಕಿ ನಕ್ಕಿದ್ರ ನನಗ ತಡಕೊಳ್ಳಾಕ ಆಗ್ತಿದ್ದಿಲ್ಲ."

"ಸವಿತಾನ ಅಕ್ಷತಾ ತಪ್ಪಿದ್ರ?"

ಅತ್ತೆ ಅಂಗೈಗೆ ಅಂಟಿಕೊಂಡಿದ್ದ ಒಂದು ಅಕ್ಕಿಕಾಳನ್ನು ಉಗುರಿನಿಂದ ಬಿಡಿಸುತ್ತಿದ್ದರು.

"ತಪ್ಪತಿತ್ತು" ಎಂದರು. "ಹೋಗ್ರಿ, ನೀವಿನ್ನ ಉಂಡಿಲ್ಲ. ಉಣ್ಣಹೋಗ್ರಿ."

ಅವರ ಕಾಲು ಮುಟ್ಟಿ ಎದ್ದು ಕೆಳಗೆ ಹೋದೆ. ಎಲೆ ಹಾಕಿಸಿಕೊಂಡು ಕೂತೆ. ಉಪ್ಪು ಬಂತು, ಉಪ್ಪಿನಕಾಯಿ ಬಂತು, ತಣ್ಣಗಾದ ಅನ್ನ ಬಂತು. ಹೋಳಿಗೆ ಕೇಳಿದೆ.

"ಮುಗದಾವ್ರಿ ಸರ್. ಇವತ್ತ ಮಂದಿ ಆರಾಮ ಕುಂತು ಮೂರ್ಮೂರು ಸಲ ಹಾಕಸ್ಕೊಂಡ್ರು" ಎಂದ ಬಡಿಸುವವನು.

ಹಾಕಿಸಿಕೊಳ್ಳದೆ ಏನು ಮಾಡಿಯಾರು? ಅವರಿಗೆ ಊಟಕ್ಕೆ ಅರ್ಧ ಗಂಟೆ ಹೆಚ್ಚಿಗೆ ಕೊಟ್ಟವನು ನಾನೇ!